ಭೋಪಾಲಕ್ಕೆ ರಜೆ ಸಿಕ್ಕಿತು, ಹೊಣೆ ಯಾರಿಗೂ ಸಿಗಲಿಲ್ಲ

ಪ್ರತಿ ವರ್ಷ ಡಿಸೆಂಬರ್ 3ಕ್ಕೆ ಭೋಪಾಲ್ ನಗರದಲ್ಲಿ ಸ್ಥಳೀಯ ರಜೆ. ಅದರ ಹಿಂದಿನ ದಿನ ಇಡೀ ದೇಶಕ್ಕೆ ‘ರಾಷ್ಟ್ರೀಯ ಮಾಲಿನ್ಯ ನಿಯಂತ್ರಣ ದಿನ’. ಎರಡೂ ಒಂದೇ ರಾತ್ರಿಯ ನೆನಪಿಗೆ: 1984ರಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಸೋರಿದ ರಾತ್ರಿ. ಆದರೆ ಆ ಹೆಸರು ನೋಡಿ. ಮಾಲಿನ್ಯ ಅಂದ್ರೆ ಹೊಗೆ, ಕೊಳಚೆ, ಶಾಲೆಯಲ್ಲಿ ಪೋಸ್ಟರ್ ಸ್ಪರ್ಧೆ. ಭೋಪಾಲದಲ್ಲಿ ಆಗಿದ್ದು ಲಕ್ಷಾಂತರ ಜನರ ದೇಹಕ್ಕೆ ಗಾಯ. ಗಾಯ ಅಂದ ಕೂಡಲೇ ಮಾಡಿದವರು ಯಾರು, ಎಷ್ಟು ಕೊಡಬೇಕು ಅನ್ನೋ ಪ್ರಶ್ನೆ ಏಳುತ್ತೆ. ಮಾಲಿನ್ಯ ಅಂದ್ರೆ ಏಳೋದಿಲ್ಲ.

ಎಂಜಿನಿಯರಿಂಗ್ ಓದುವಾಗ ನಮಗೂ ಭೋಪಾಲ್ ಒಂದು ಸ್ಲೈಡ್ ಅಷ್ಟೇ. ಟ್ಯಾಂಕ್ ತಣ್ಣಗಿಡುವ ಯಂತ್ರ ಬಂದ್ ಆಗಿತ್ತು, ಸೋರಿದ ಅನಿಲ ಸುಡಬೇಕಿದ್ದ ಫ್ಲೇರ್ ಟವರ್ ಕೆಲಸಕ್ಕೆ ಇರಲಿಲ್ಲ, ಇತ್ಯಾದಿ. ಇದೇ ಪಟ್ಟಿಯನ್ನು ಕೋರ್ಟಿಗೆ ಒಯ್ದರೆ ಏನಾಗುತ್ತೆ ಅಂತ ಯಾರೂ ಹೇಳಿಕೊಡಲಿಲ್ಲ.

ಮಾಮೂಲಿ ನಿರ್ಲಕ್ಷ್ಯದ ಕೇಸಿನಲ್ಲಿ ಗಾಯಗೊಂಡವರೇ ಎಲ್ಲವನ್ನೂ ಸಾಬೀತು ಮಾಡಬೇಕು. ಎದುರಿನವರಿಗೆ ಎಚ್ಚರ ವಹಿಸುವ ಕರ್ತವ್ಯವಿತ್ತು, ಅದನ್ನು ಮೀರಿದರು, ಅದರಿಂದಲೇ ಗಾಯವಾಯಿತು, ನಷ್ಟ ಇಷ್ಟು. ಆಸ್ಪತ್ರೆ ಖರ್ಚು, ತಪ್ಪಿದ ಕೂಲಿ, ಮುಂದೆ ದುಡಿಯಲಾಗದ್ದು, ನೋವು, ಎಲ್ಲ ಈ ನಷ್ಟದಲ್ಲೇ ಬರುತ್ತೆ. ಕಾರ್ಖಾನೆಯ ಕಾಗದಗಳೆಲ್ಲ ಕಂಪನಿಯ ಬೀರುವಿನಲ್ಲಿರುವಾಗ ಬೀಡಿ ಕಟ್ಟೋರು, ಕೂಲಿಯವರು ಇದನ್ನು ಹೇಗೆ ಸಾಬೀತು ಮಾಡೋದು? ಇದಕ್ಕೇ 1868ರ ಇಂಗ್ಲೆಂಡಿನ ಒಂದು ತೀರ್ಪು ಬೇರೆ ದಾರಿ ತೆರೆದಿತ್ತು: ಅಪಾಯಕಾರಿ ವಸ್ತು ಇಟ್ಟುಕೊಂಡು ಅದು ಹೊರಬಿದ್ದರೆ, ತಪ್ಪು ಸಾಬೀತಾಗದಿದ್ದರೂ ಹೊಣೆ ನಿಮ್ಮದೇ. ಆದರೆ ಅದರಲ್ಲಿ ತೂತುಗಳಿದ್ದವು. ದೈವಿಕ ಘಟನೆ, ಹೊರಗಿನವರ ಕೃತ್ಯ ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಕಾರ್ಬೈಡ್ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ: ಅತೃಪ್ತ ಕೆಲಸಗಾರನೊಬ್ಬ ಬೇಕಂತಲೇ ನೀರು ಬಿಟ್ಟ!

ಭೋಪಾಲ್ ಆಗಿ ಒಂದು ವರ್ಷಕ್ಕೆ, 1985ರ ಡಿಸೆಂಬರ್‌ನಲ್ಲಿ, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಆ ಕೇಸಿನಲ್ಲಿ 1986ರ ಡಿಸೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಆ ತೂತುಗಳನ್ನೆಲ್ಲ ಮುಚ್ಚಿದರು. ಅಪಾಯಕಾರಿ ಉದ್ಯಮಕ್ಕೆ ಸಂಪೂರ್ಣ ಹೊಣೆ, ಯಾವ ನೆಪವೂ ನಡೆಯಲ್ಲ. ಕಂಪನಿ ದೊಡ್ಡದಿದ್ದಷ್ಟೂ ಪರಿಹಾರ ದೊಡ್ಡದು. ಭೋಪಾಲಕ್ಕೇ ಅಳತೆ ತೆಗೆದು ಹೊಲಿದಂಥ ಕಾನೂನು.

ಆದರೆ ಅದು ಭೋಪಾಲಕ್ಕೆ ತಾಗಲೇ ಇಲ್ಲ. 1985ರಲ್ಲೇ ಕೇಂದ್ರ ಸರ್ಕಾರ ಕಾಯ್ದೆ ಮಾಡಿ, ಸಂತ್ರಸ್ತರ ಪರವಾಗಿ ಕೇಸು ನಡೆಸುವ ಹಕ್ಕನ್ನು ತಾನೇ ತಗೊಂಡಿತು. ನ್ಯೂಯಾರ್ಕ್‌ನ ಕೋರ್ಟು 1986ರಲ್ಲಿ ಕೇಸನ್ನು ಭಾರತಕ್ಕೆ ವಾಪಸ್ ಕಳಿಸಿತು. 330 ಕೋಟಿ ಡಾಲರ್ ಕೇಳಿದ್ದ ಸರ್ಕಾರ 1989ರ ಫೆಬ್ರವರಿಯಲ್ಲಿ 47 ಕೋಟಿಗೆ ರಾಜಿಯಾಯ್ತು. ಸಂತ್ರಸ್ತರನ್ನು ಯಾರೂ ಕೇಳಲಿಲ್ಲ. ರಾಜಿ ಮಾಡುವಾಗ ಲೆಕ್ಕ ಹಿಡಿದದ್ದು ಸುಮಾರು 3,000 ಸಾವು, ಒಂದು ಲಕ್ಷ ಗಾಯಾಳುಗಳು. ಕೊನೆಗೆ ಪರಿಹಾರ ಕೊಟ್ಟದ್ದು 5,295 ಸಾವುಗಳಿಗೆ, ಐದೂವರೆ ಲಕ್ಷಕ್ಕೂ ಹೆಚ್ಚು ಗಾಯಾಳುಗಳಿಗೆ. ಬಹುತೇಕ ಗಾಯಾಳುಗಳ ಕೈಗೆ ಮೊದಲು ಬಂದದ್ದು 25,000 ರೂಪಾಯಿ, ವರ್ಷಗಳ ಮೇಲೆ ಮತ್ತೆ ಅಷ್ಟೇ. ಜೀವನಪೂರ್ತಿ ಉಸಿರು ಎಳೆಯೋದಕ್ಕೆ!

ರಾಜಿಯನ್ನು 1991ರಲ್ಲಿ ಎತ್ತಿಹಿಡಿದ ಬಹುಮತದ ತೀರ್ಪು ಬರೆದವರು ನಮ್ಮ ಬೆಂಗಳೂರಿನ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಅದರಲ್ಲಿ ಹೆಚ್ಚು ಚರ್ಚೆಯಾಗದ ಎರಡು ಮಾತಿವೆ. ಹಣ ಕಡಿಮೆ ಬಿದ್ದರೆ ಕಲ್ಯಾಣ ರಾಜ್ಯವಾದ ಕೇಂದ್ರ ಸರ್ಕಾರವೇ ತುಂಬಿಕೊಡಬೇಕು. ಮುಂದೆ ಕಾಯಿಲೆ ಬೀಳಬಹುದಾದ ಸುಮಾರು ಒಂದು ಲಕ್ಷ ಜನರಿಗೆ ವೈದ್ಯಕೀಯ ವಿಮೆ ಮಾಡಿಸಬೇಕು. ಸರ್ಕಾರ ವಿಮೆ ಮಾಡಿಸಲೇ ಇಲ್ಲ. 2010ರಲ್ಲಿ ಅದೇ ಸರ್ಕಾರ ಕಂಪನಿಯಿಂದ ಇನ್ನಷ್ಟು ಹಣ ಕೊಡಿಸಿ ಅಂತ ಸುಪ್ರೀಂ ಕೋರ್ಟಿಗೆ ಹೋಯ್ತು. 2023ರ ಮಾರ್ಚ್ 14ರಂದು ಐವರು ನ್ಯಾಯಮೂರ್ತಿಗಳ ಪೀಠ ಅರ್ಜಿ ವಜಾ ಮಾಡುತ್ತಾ, ವಿಮೆ ಮಾಡಿಸದಿದ್ದದ್ದು ಸರ್ಕಾರದ ಘೋರ ನಿರ್ಲಕ್ಷ್ಯ ಅಂತ ಬೈಯಿತು. ನನಗೆ ಇದು ಇಡೀ ಕತೆಯ ಅತ್ಯಂತ ಕಹಿ ಭಾಗ. ನಿಮ್ಮ ಪರ ಕೇಸು ನಡೆಸುವ ಹಕ್ಕು ಕಿತ್ತುಕೊಂಡವರೇ ನಿಮ್ಮ ವಿಷಯದಲ್ಲಿ ನಿರ್ಲಕ್ಷ್ಯ ತೋರಿದರೆ ದಾವೆ ಯಾರ ಮೇಲೆ ಹಾಕೋದು?

ಕಾರ್ಖಾನೆಯಲ್ಲಿ ಬಿದ್ದಿದ್ದ 337 ಟನ್ ವಿಷಕಾರಿ ತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ. ಅಂದ್ರೆ ನಾವು ವರ್ಷಾವರ್ಷ ‘ಮಾಲಿನ್ಯ ನಿಯಂತ್ರಣ’ ಆಚರಿಸುತ್ತಿದ್ದಾಗ ಆ ಮಾಲಿನ್ಯವೂ ನಲವತ್ತು ವರ್ಷ ಅಲ್ಲೇ ಇತ್ತು.