ಮಟ್ಟಂಚೇರಿಗೆ ಜನ ಬಂದರು, ನಮ್ಮ ಬಂದರಿಗೆ?

ಮಗ್ರಿಬ್ ನಮಾಝ್ ಮುಗಿಸಿ ಮಂಗಳೂರಿನ ಬಂದರಿನ ಬೀದಿಗಳಲ್ಲಿ ಒಮ್ಮೆ ನಡೆದು ನೋಡಿ. ಬೆಳಗ್ಗೆ ಲಾರಿ, ಕೈಗಾಡಿ, ಹಮಾಲಿಗಳ ಕೂಗಿನ ನಡುವೆ ಕಾಲಿಡಲು ಜಾಗ ಇಲ್ಲದ ರಸ್ತೆಯಲ್ಲಿ ಸಂಜೆ ಆಗುತ್ತಿದ್ದಂತೆ ಶಟರ್ ಎಳೆದಿರುತ್ತದೆ. ಹಂಚಿನ ಮಾಡಿನ ಹಳೇ ಗೋದಾಮುಗಳಲ್ಲಿ ಕೆಲವಕ್ಕೆ ಬೀಗ ಬಿದ್ದು ಎಷ್ಟು ವರ್ಷವಾಯಿತೋ, ಕೀಲಿಕೈ ಯಾರ ಮನೆಯಲ್ಲಿದೆಯೋ ಹೇಳುವವರಿಲ್ಲ. ಗೋಡೆಯ ಬಿರುಕಿನಲ್ಲಿ ಅಶ್ವತ್ಥದ ಗಿಡ ಬೆಳೆದಿರುತ್ತದೆ. ನಮ್ಮ ಮದ್ರಸದ ಮಕ್ಕಳಲ್ಲಿ 'ನಿಮ್ಮ ಅಜ್ಜ ಎಂತ ಕೆಲಸ ಮಾಡ್ತಿದ್ರು?' ಅಂತ ಕೇಳಿದರೆ ಹಲವರು 'ಬಂದರಲ್ಲಿ ವ್ಯಾಪಾರ' ಅನ್ನುತ್ತಾರೆ. 'ನೀನು ಬಂದರು ನೋಡಿದ್ದೀಯಾ?' ಅಂದರೆ ತಲೆ ಅಲ್ಲಾಡಿಸುತ್ತಾರೆ. ಮಾಲ್ ನೋಡಿದ್ದಾರೆ, ಬಂದರು ನೋಡಿಲ್ಲ.

ಈ ಮಾತು ಈಗ ಯಾಕೆ ಅಂದರೆ, ನಮ್ಮಿಂದ ಒಂದು ರಾತ್ರಿಯ ರೈಲು ಪ್ರಯಾಣದ ದೂರದಲ್ಲಿ ಇಂಥದ್ದೇ ಒಂದು ಹಳೇ ಪೇಟೆ ಇದೆ. ಕೊಚ್ಚಿಯ ಮಟ್ಟಂಚೇರಿ ಮತ್ತು ಅದಕ್ಕೆ ತಾಗಿದ ಫೋರ್ಟ್ ಕೊಚ್ಚಿ. ಅಲ್ಲಿ 2025ರ ಡಿಸೆಂಬರ್ 12ರಂದು ಕೊಚ್ಚಿ–ಮುಝಿರಿಸ್ ಬಿನಾಲೆಯ ಆರನೇ ಆವೃತ್ತಿ ಶುರುವಾಯಿತು. ಎರಡು ವರ್ಷಕ್ಕೊಮ್ಮೆ ಅಂತ ಲೆಕ್ಕ ಇಟ್ಟುಕೊಂಡ, ತಿಂಗಳುಗಟ್ಟಲೆ ನಡೆಯುವ ದೊಡ್ಡ ಕಲಾ ಪ್ರದರ್ಶನ ಇದು. ಕೊರೋನಾದಿಂದ ಲೆಕ್ಕ ತಪ್ಪಿತು, ಆದರೆ ನಿಲ್ಲಲಿಲ್ಲ. ಇದಕ್ಕೂ ಬ್ಯಾರಿಗಳಿಗೂ ಎಂತ ಸಂಬಂಧ ಅಂತ ಕೇಳಬೇಡಿ, ಇದೆ.

ಮಟ್ಟಂಚೇರಿಯ ಕತೆ ನಮ್ಮ ಬಂದರಿನ ಕತೆಯೇ. ಕರಿಮೆಣಸು, ಶುಂಠಿ, ಅರಿಶಿನದ ವ್ಯಾಪಾರದಿಂದ ಬೆಳೆದ ಪೇಟೆ ಅದು. ಕಚ್ಚಿ ಮೇಮನರು, ಮಾಪಿಳ್ಳೆಗಳು, ಗುಜರಾತಿಗಳು, ಕೊಂಕಣಿಗಳು, ಯಹೂದಿಗಳು ಒಂದೇ ಬೀದಿಯಲ್ಲಿ ಲೆಕ್ಕ ಬರೆದವರು. 1920–30ರ ದಶಕಗಳಲ್ಲಿ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಹಿನ್ನೀರಿನ ಹೂಳೆತ್ತಿ ವಿಲ್ಲಿಂಗ್ಡನ್ ದ್ವೀಪ ಕಟ್ಟಿಸಿದ. ದೊಡ್ಡ ಹಡಗುಗಳು ಅತ್ತ ಹೋದವು. 2011ರಲ್ಲಿ ವಲ್ಲಾರ್‌ಪಾಡಂನಲ್ಲಿ ಕಂಟೇನರ್ ಟರ್ಮಿನಲ್ ಶುರುವಾಯಿತು, ಉಳಿದದ್ದೂ ಹೋಯಿತು. ನಮ್ಮಲ್ಲಿ 1974ರಲ್ಲಿ ಪಣಂಬೂರಿನ ಹೊಸ ಬಂದರು ಬಂತು, ಹಳೇ ಬಂದರಿಗೆ ಲಕ್ಷದ್ವೀಪದ ಮಂಜಿಗಳು ಉಳಿದವು. ಆಮೇಲೆ 2020ರ ಏಪ್ರಿಲ್‌ನಲ್ಲಿ ಕೊರೋನಾ ಹೆಸರಲ್ಲಿ ಸೆಂಟ್ರಲ್ ಮಾರ್ಕೆಟ್‌ನ ಸಗಟು ವ್ಯಾಪಾರವನ್ನು ಬೈಕಂಪಾಡಿಗೆ ಕಳಿಸಿದರು. ಮಾರ್ಕೆಟ್ಟಿಗೆ ಬಂದವರು ಹಾಗೇ ಬಂದರಿಗೂ ಒಂದು ಸುತ್ತು ಹಾಕುತ್ತಿದ್ದರು, ಅದೂ ಕಡಿಮೆಯಾಯಿತು. ಪೇಟೆಯನ್ನು ಯಾರೂ ಒಂದೇ ದಿನ ಕೊಲ್ಲುವುದಿಲ್ಲ. ಒಂದೊಂದೇ ಕೆಲಸವನ್ನು ಅಲ್ಲಿಂದ ಎಬ್ಬಿಸುತ್ತಾ ಹೋಗುತ್ತಾರೆ.

ಮಟ್ಟಂಚೇರಿ ಕಡೆಯಲ್ಲಿ ಆದದ್ದು ಇದು. ಕೇರಳದವರೇ ಆದ ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಎಂಬ ಇಬ್ಬರು ಕಲಾವಿದರು ಕೇರಳ ಸರಕಾರದ ನೆರವಿನೊಂದಿಗೆ 2012ರ ಡಿಸೆಂಬರ್ 12ರಂದು ಮೊದಲ ಬಿನಾಲೆ ನಡೆಸಿದರು. ಹೊಸ ಕಟ್ಟಡ ಕಟ್ಟಲಿಲ್ಲ. ಖಾಲಿ ಬಿದ್ದ ಗೋದಾಮುಗಳನ್ನೇ ಗುಡಿಸಿ, ಒರೆಸಿ, ದೀಪ ಹಾಕಿ ಕಲಾಕೃತಿ ಇಟ್ಟರು. ಮುಖ್ಯ ಜಾಗ ಆಸ್ಪಿನ್‌ವಾಲ್ ಹೌಸ್, ಸಮುದ್ರಕ್ಕೆ ಮುಖ ಮಾಡಿದ ಹಳೇ ವ್ಯಾಪಾರಿ ಕಂಪೆನಿಯ ಕಟ್ಟಡ. ಮಂಗಳೂರಿನಲ್ಲಿ ಕಾಫಿ ಸಂಸ್ಕರಣೆ ಮಾಡುವ ಆಸ್ಪಿನ್‌ವಾಲ್ ಕಂಪೆನಿಯ ಹೆಸರು ನಮ್ಮ ಹಿರಿಯರಿಗೆ ಗೊತ್ತು, ಅದೇ ಕಂಪೆನಿ. 2016ರ ಮೂರನೇ ಆವೃತ್ತಿಯನ್ನು ರೂಪಿಸಿದ ಸುದರ್ಶನ್ ಶೆಟ್ಟಿ ಮಂಗಳೂರಿನಲ್ಲಿ ಹುಟ್ಟಿದವರು. ಊರಿನ ಹೆಸರು ಅಲ್ಲಿಗೆ ಹೋಗಿ ಮುಟ್ಟಿದೆ, ಊರಿಗೆ ಅದು ಗೊತ್ತಿಲ್ಲ.

ಹಿಂದಿನ ಆವೃತ್ತಿಯ ವೇಳೆ ನಾವು ಮೂರು ಮಂದಿ ಸ್ನೇಹಿತರು ಹೋಗಿದ್ದೆವು. ಕಲಾಕೃತಿಗಳಲ್ಲಿ ಅರ್ಧದಷ್ಟು ನಮಗೆ ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತೇವೆ. ಅರ್ಥವಾದದ್ದು ಬೇರೆ. ಬಜಾರ್ ರಸ್ತೆಯಲ್ಲಿ ಒಂದು ಬಾಗಿಲಿನಿಂದ ಅಕ್ಕಿ ಮೂಟೆ ಹೊರಬರುತ್ತಿತ್ತು, ಅದರಾಚೆಗೆ ಜನ ಸಾಲಾಗಿ ನಿಂತು ಪ್ರದರ್ಶನ ನೋಡಲು ಒಳಹೋಗುತ್ತಿದ್ದರು. ಆಟೋದವನಿಗೆ ಬಾಡಿಗೆ, ಚಾಯದಂಗಡಿಗೆ ಗಿರಾಕಿ. ಶಾಲಾ ಮಕ್ಕಳು, ಪರ್ದಾ ಹಾಕಿದ ಹೆಣ್ಮಕ್ಕಳು, ಮುದುಕರು, ಎಲ್ಲರೂ ಇದ್ದರು. ಹಿಂದಿನ ಆವೃತ್ತಿಗಳಲ್ಲಿ ಸೋಮವಾರ ಪ್ರವೇಶ ಉಚಿತ ಇಟ್ಟಿದ್ದರು, ಊರಿನವರು ಬರಲಿ ಅಂತ. ಚಿಕ್ಕ ವಿಷಯ, ಆದರೆ ಊರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎಂಬುದಕ್ಕೆ ಗುರುತು.

ಹಾಗಂತ ಎಲ್ಲವೂ ಚೆಂದ ಅಂತ ಬರೆದು ಮುಗಿಸಿದರೆ ಮೋಸವಾಗುತ್ತದೆ. ಫೋರ್ಟ್ ಕೊಚ್ಚಿಯಲ್ಲಿ ಮನೆಗಳು ಹೋಂಸ್ಟೇ ಆದವು, ಅಂಗಡಿಗಳು ಕೆಫೆ ಆದವು. ಮೊದಲೇ ಪ್ರವಾಸಿಗಳಿಂದ ಏರುತ್ತಿದ್ದ ಜಾಗದ ಬೆಲೆಗೆ ಇದೂ ಸೇರಿತು. 2018–19ರ ಆವೃತ್ತಿ ಮುಗಿದ ಮೇಲೆ, ಪ್ರದರ್ಶನದ ಕೆಲಸ ಮಾಡಿಕೊಟ್ಟವರಿಗೆ ಹಣ ಬಾಕಿ ಎಂಬ ದೂರು ದೊಡ್ಡ ಸುದ್ದಿಯಾಯಿತು. ಮಟ್ಟಂಚೇರಿಯಲ್ಲಿ ಕೂಲಿಯ ಮಾತು ಹಗುರದ ಮಾತಲ್ಲ. ಒಂದು ಕಾಲದಲ್ಲಿ ಅಲ್ಲಿ 'ಚಾಪ್ಪ' ಎಂಬ ಪದ್ಧತಿ ಇತ್ತು. ಲೋಹದ ಬಿಲ್ಲೆಗಳನ್ನು ಗುಂಪಿನತ್ತ ಎಸೆಯುವುದು, ಕಿತ್ತಾಡಿ ಹಿಡಿದವನಿಗೆ ಆ ದಿನದ ಕೆಲಸ. ಅದರ ವಿರುದ್ಧ ಎದ್ದ ಬಂದರು ಕಾರ್ಮಿಕರ ಮೇಲೆ 1953ರ ಸೆಪ್ಟೆಂಬರ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು, ಜೀವಗಳು ಹೋದವು. ರಾಜೀವ್ ರವಿ ಅವರ 'ತುರಮುಖಂ' ಸಿನೆಮಾ ಇದೇ ಕತೆ. ಗೋದಾಮಿನ ಗೋಡೆಯನ್ನು ಚೆಂದ ಮಾಡುವವರು ಆ ಗೋದಾಮಿಗೆ ಮೂಟೆ ಹೊತ್ತವನನ್ನು ಮರೆತರೆ, ಅದು ಬಣ್ಣ ಬಳಿದದ್ದು ಮಾತ್ರ.

ನಮಗೆ ಹೆಚ್ಚು ಭಯ ಇರುವುದು ಇನ್ನೊಂದರಲ್ಲಿ. ಕೇರಳದ 1965ರ ಬಾಡಿಗೆ ನಿಯಂತ್ರಣ ಕಾಯ್ದೆ ಅಂಗಡಿ, ಗೋದಾಮುಗಳಿಗೂ ಅನ್ವಯಿಸುತ್ತದೆ. ಕಾನೂನು ಹೇಳಿದ ಕಾರಣ ಇಲ್ಲದೆ ಬಾಡಿಗೆದಾರನನ್ನು ಎಬ್ಬಿಸುವಂತಿಲ್ಲ. ನಮ್ಮಲ್ಲಿ ಹಾಗಲ್ಲ. ಕರ್ನಾಟಕದ 1999ರ ಬಾಡಿಗೆ ಕಾಯ್ದೆಯ ರಕ್ಷಣೆ ವ್ಯಾಪಾರದ ಜಾಗಗಳಲ್ಲಿ 14 ಚದರ ಮೀಟರ್‌ವರೆಗಿನವಕ್ಕೆ ಮಾತ್ರ, ಅಂದರೆ ಸುಮಾರು 150 ಚದರ ಅಡಿ. ಬಂದರಿನಲ್ಲಿ ಅದಕ್ಕಿಂತ ದೊಡ್ಡ ಜಾಗದಲ್ಲಿ ಒಣಮೀನು, ಬೇಳೆ, ಹಗ್ಗ, ತಾಡಪತ್ರಿ ಮಾರುವವರಿಗೆ ಬಾಡಿಗೆ ಕರಾರು ಬಿಟ್ಟರೆ ಬೇರೆ ಆಸರೆ ಕಡಿಮೆ. ನಾಳೆ ಇಲ್ಲಿ ಪ್ರದರ್ಶನ, ಸಂಗೀತ, ಫುಡ್ ಸ್ಟ್ರೀಟ್ ಅಂತ ಜನ ಸೇರಿ ಜಾಗಕ್ಕೆ ಬೆಲೆ ಬಂದರೆ ಮೊದಲು ಹೊರಗೆ ಹೋಗುವವರು ಇವರೇ. ಕರಾರಿನಲ್ಲಿ ಎಷ್ಟು ವರ್ಷ ಅಂತ ಇದೆ, ಬಾಡಿಗೆ ಎಷ್ಟು ಏರಿಸಬಹುದು ಅಂತ ಇದೆ, ಇದನ್ನು ಮೊದಲು ಓದಿ ನೋಡಬೇಕು. ಕರಾರೇ ಬರೆಯದೆ ಅಪ್ಪನ ಕಾಲದಿಂದ ಮಾತಿನ ಮೇಲೆ ನಡೆಸುತ್ತಿರುವವರು ಈಗಲೇ ಬರೆಸಿಕೊಳ್ಳುವುದು ಒಳ್ಳೆಯದು. ಚಿತ್ರ ಬಿಡಿಸುವವರು ಬಂದ ಮೇಲೆ ಕೇಳಿದರೆ ಧಣಿಗಳ ದನಿ ಬದಲಾಗಿರುತ್ತದೆ.

ಇಲ್ಲಿ ನಮ್ಮ ಸಮುದಾಯದ ಕೈಯಲ್ಲೂ ಸ್ವಲ್ಪ ಇದೆ. ಹಳೇ ಪೇಟೆಗಳಲ್ಲಿ ಕೆಲವು ಕಟ್ಟಡ ಮನೆತನಗಳದ್ದು, ಕೆಲವು ಮಸೀದಿಗಳ ವಕ್ಫ್ ಆಸ್ತಿ. ಮನೆತನದ ಕಟ್ಟಡಕ್ಕೆ ಬೀಗ ಬೀಳಲು ಕಾರಣ ಹೆಚ್ಚಾಗಿ ಪಾಲು. ಹನ್ನೆರಡು ವಾರಸುದಾರರು, ಅರ್ಧ ಮಂದಿ ಗಲ್ಫ್‌ನಲ್ಲಿ, ಒಬ್ಬರ ಸಹಿ ಸಿಕ್ಕಿದರೆ ಇನ್ನೊಬ್ಬರದ್ದು ಇಲ್ಲ. ಮಾರಲು ಎಲ್ಲರ ಸಹಿ ಬೇಕು, ಸರಿ. ಮೂರು ತಿಂಗಳ ಮಟ್ಟಿಗೆ ಒಂದು ಪ್ರದರ್ಶನಕ್ಕೆ ಬಾಗಿಲು ತೆರೆಯಲು ಅಷ್ಟು ಜಗಳ ಬೇಕಾಗಿಲ್ಲ, ವಾಟ್ಸಾಪ್ ಗ್ರೂಪಿನಲ್ಲಿ ಒಪ್ಪಿಗೆ ಕೇಳಿದರೆ ಕೊಡುವವರಿದ್ದಾರೆ. ವಕ್ಫ್ ಆಸ್ತಿಯ ನಿಯಮ ಬೇರೆ. ಒಂದು ವರ್ಷ ಮೀರುವ ಗುತ್ತಿಗೆಗೆ ಬೋರ್ಡ್‌ನ ಒಪ್ಪಿಗೆ ಬೇಕು, 30 ವರ್ಷ ಮೀರಿದ ಗುತ್ತಿಗೆ ಸಿಂಧುವೇ ಅಲ್ಲ. ಆದ್ದರಿಂದ ಯಾರೋ ದೊಡ್ಡ ಪ್ಲಾನ್ ಹಿಡಿದುಕೊಂಡು ಬಂದು ಐವತ್ತು ವರ್ಷಕ್ಕೆ ಕೊಡಿ ಅಂದರೆ ಸಮಿತಿಯವರು ಚಾಯ ಕುಡಿಸಿ ಕಳಿಸಬಹುದು.

ಕಲೆ ಅಂದ ಕೂಡಲೇ ನಮ್ಮಲ್ಲಿ ಕೆಲವರು ಮುಖ ತಿರುಗಿಸುತ್ತಾರೆ, ಅದೂ ಗೊತ್ತು. ಶಿಲ್ಪ, ಚಿತ್ರ, ಸಂಗೀತದ ಬಗ್ಗೆ ಉಲಮಾಗಳ ಅಭಿಪ್ರಾಯಗಳನ್ನು ನಾವೇ ಮಕ್ಕಳಿಗೆ ಕಲಿಸುವವರು, ಅದನ್ನು ಬದಿಗಿಡಿ ಅಂತ ಹೇಳುತ್ತಿಲ್ಲ. ಆದರೆ ಬೆಳಿಯೆ ಪಳ್ಳಿಯ, ಅಂದರೆ ಝೀನತ್ ಬಕ್ಷ್ ಜುಮಾ ಮಸೀದಿಯ ಒಳಗೆ ಹೋಗಿ ಕಂಬಗಳ ಮರದ ಕೆತ್ತನೆ ನೋಡಿ. ಹೂವು, ಬಳ್ಳಿ ಇದೆ, ಪ್ರಾಣಿ ಮನುಷ್ಯರ ರೂಪ ಇಲ್ಲ. ಅದನ್ನು ಕೆತ್ತಿದ ಆಚಾರಿ ಯಾವ ಸಮುದಾಯದವನಾಗಿದ್ದರೂ ಕೆಲಸ ನಮ್ಮ ಬಂದರಿನದ್ದು. ದಫ್ ಇದೆ, ಬುರ್ದಾ ಇದೆ, ಒಪ್ಪನೆಯ ಹಾಡುಗಳಿವೆ, ಅರಬಿ ಕೈಬರಹ ಇದೆ. ಬ್ಯಾರಿ ಭಾಷೆಗೆ 2007ರಿಂದ ಅಕಾಡೆಮಿ ಇದೆ. ಹಳೇ ವ್ಯಾಪಾರಿಗಳ ಲೆಕ್ಕದ ಪುಸ್ತಕ, ಮಂಜಿಯ ಫೋಟೋ, ತಕ್ಕಡಿ, ಹಮಾಲಿಯ ಕೊಕ್ಕೆ, ಇವನ್ನು ಒಂದು ಗೋದಾಮಿನಲ್ಲಿ ಇಟ್ಟು ಹಿರಿಯರನ್ನು ಕೂರಿಸಿ ಮಾತಾಡಿಸಿದರೆ ಅದಕ್ಕಿಂತ ದೊಡ್ಡ ಪ್ರದರ್ಶನ ಬೇಡ. ಮನೆಗಳ ಅಟ್ಟದಲ್ಲಿ ಇವೆಲ್ಲ ಇವೆ, ಗೆದ್ದಲು ತಿನ್ನುತ್ತಿದೆ.

ಕೋಝಿಕ್ಕೋಡಿನ ಮಿಠಾಯಿ ತೆರುವಿನ ಉದಾಹರಣೆಯನ್ನೂ ಇಲ್ಲಿ ಹೇಳಬೇಕು. 2017ರ ಡಿಸೆಂಬರ್‌ನಲ್ಲಿ ಅದನ್ನು ನವೀಕರಿಸಿ ತೆರೆದು ಹಗಲು ಹೊತ್ತು ವಾಹನ ನಿಲ್ಲಿಸಿದರು. ಅಂಗಡಿಯವರು ಗಿರಾಕಿ ಬರುವುದಿಲ್ಲ ಅಂತ ಗಲಾಟೆ ಮಾಡಿದರು. ಇಂದು ಅಲ್ಲಿ ಸಂಜೆ ಹೊತ್ತು ಕುಟುಂಬ ಸಮೇತ ಜನ ನಡೆಯುತ್ತಾರೆ. ಬೀದಿಯ ಬಾಯಲ್ಲಿ ಆ ಬೀದಿಯ ಕತೆ ಬರೆದ ಎಸ್.ಕೆ. ಪೊಟ್ಟೆಕ್ಕಾಟ್ ಅವರ ಹೆಸರಿನ ಚೌಕ ಇದೆ. 2023ರಲ್ಲಿ ಯುನೆಸ್ಕೊ ಆ ಊರನ್ನು ಸಾಹಿತ್ಯದ ನಗರ ಎಂದು ಗುರುತಿಸಿತು. ನಮ್ಮ ಬಂದರಿನಲ್ಲಿ ಲಾರಿ ನಿಲ್ಲಿಸಲು ಆಗುವುದಿಲ್ಲ, ಲಾರಿಯೇ ಅದರ ಅನ್ನ. ಆದರೆ ಭಾನುವಾರ ಸಂಜೆ ಒಂದು ಬೀದಿಯನ್ನಾದರೂ ಬಿಡಬಹುದಲ್ಲ? ಮತ್ತೆ ಒಂದು ಶೌಚಾಲಯ, ಹೆಣ್ಮಕ್ಕಳಿಗೆ ಬೇರೆಯಾಗಿ. ಹೇಳಲು ನಾಚಿಕೆ ಆಗಬಹುದು, ಆದರೆ ಅದಿಲ್ಲದೆ ನಮ್ಮ ತಾಯಂದಿರು, ಅಕ್ಕಂದಿರು ಯಾವ ಪೇಟೆಗೂ ಎರಡು ತಾಸು ಬರುವುದಿಲ್ಲ.

ಮಂಗಳೂರಿಗೆ ಈ ಥರದ ಕೆಲಸ ಹೊಸದೂ ಅಲ್ಲ. ರಾಮಕೃಷ್ಣ ಮಿಷನ್‌ನ ಸ್ವಚ್ಛ ಮಂಗಳೂರು ಅಭಿಯಾನದಲ್ಲಿ ಭಾನುವಾರ ಬೆಳಗ್ಗೆ ಎದ್ದು ಬಂದ ಕಾರ್ಯಕರ್ತರು ಕಸದ ಮೂಲೆಗಳನ್ನು ಗುಡಿಸಿ ಗೋಡೆಗೆ ಚಿತ್ರ ಬಿಡಿಸಿದ್ದನ್ನು ಎಲ್ಲರೂ ನೋಡಿದ್ದೇವೆ. ಕೋಟಿಗಟ್ಟಲೆ ದುಡ್ಡಿನ ಸ್ಮಾರ್ಟ್ ಸಿಟಿ ಕಾಮಗಾರಿಗಿಂತ ಅದು ಜನರ ಬಾಯಲ್ಲಿ ಹೆಚ್ಚು ಉಳಿದಿದೆ.

ನಮ್ಮ ಮದ್ರಸದ ಏಳನೇ ತರಗತಿಯ ಮಕ್ಕಳಿಗೆ ಈ ರಜೆಯಲ್ಲಿ ಒಂದು ಕೆಲಸ ಕೊಟ್ಟಿದ್ದೇವೆ. ಬಂದರಿನಲ್ಲಿ ದುಡಿದ ಒಬ್ಬ ಹಿರಿಯರ ಬಳಿ ಕೂತು ಅವರ ಒಂದು ದಿನದ ಕೆಲಸ ಹೇಗಿತ್ತು ಅಂತ ಎರಡು ಪುಟ ಬರೆದು ತರಬೇಕು, ಬ್ಯಾರಿ ಮಾತಿನಲ್ಲೇ ಆಗಲಿ. ಅದನ್ನು ಗೋಡೆಗೆ ಅಂಟಿಸಲು ಒಂದು ಜಾಗ ಬೇಕು. ಮಾಡು ಸೋರಿದರೂ ಅಡ್ಡಿಯಿಲ್ಲ, ಮಳೆಗಾಲಕ್ಕೆ ಮುಂಚೆ ಹಂಚು ತಿರುಗಿಸಿ ಹಾಕಲು ಇಬ್ಬರು ಕೆಲಸದವರನ್ನು ಮಾತಾಡಿ ಇಟ್ಟಿದ್ದೇವೆ. ಕೀಲಿಕೈ ಇರುವವರು ಜುಮಾ ಕಳೆದ ಮೇಲೆ ಮದ್ರಸಕ್ಕೆ ಬಂದು ಹೇಳಿದರೆ ಸಾಕು.