ಆರೋಗ್ಯ ವಿಚಾರ: ಉಳಿದ ಕಾಲಿನ ಮೊಣಕಾಲು

ಒಂದು ಕಾಲನ್ನು ಕಳೆದುಕೊಂಡವರ ಮನೆಯಲ್ಲಿ ಎಲ್ಲರ ಗಮನವೂ ಕತ್ತರಿಸಿದ ಕಾಲಿನ ಮೇಲೆಯೇ ಇರುವುದು ಸಹಜ. ಗಾಯ ಮಾಯಿತೆ, ಕೃತಕ ಕಾಲು ಹೊಂದಿತೆ ಎಂದು ವಿಚಾರಿಸುವೆವು. ಆದರೆ ಮುಂದಿನ ನಡೆದಾಟವೆಲ್ಲ ಯಾವುದನ್ನು ನೆಚ್ಚಿದೆಯೋ ಆ ಇನ್ನೊಂದು ಕಾಲಿನ ಮೊಣಕಾಲನ್ನು, ಅದು ನೋಯತೊಡಗುವವರೆಗೆ, ಯಾರೂ ನೆನೆಯುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳ ಸೀಮೆಯಲ್ಲಿ ಈ ಮಾತಿಗೆ ಹೆಚ್ಚಿನ ಬೆಲೆಯುಂಟು. ಹೊಗೆಸೊಪ್ಪಿನ ಹೊಲದಲ್ಲಿ ಬಗ್ಗಿ ಎಲೆ ಮುರಿಯಬೇಕು. ನೆಲದ ಮೇಲೆ ಕುಳಿತು ಕಡ್ಡಿಗೆ ಕಟ್ಟಬೇಕು. ಬ್ಯಾರನ್ನಿನೊಳಗೆ ಹತ್ತಿ ಕಡ್ಡಿಗಳನ್ನು ಏರಿಸಬೇಕು. ಕಾಲುವೆಯ ಬಯಲಿನಲ್ಲಾದರೆ ಜಾರುವ ಬದುವಿನ ಮೇಲೆ ನಡಿಗೆ. ಇವೆಲ್ಲಕ್ಕೂ ಮೊಣಕಾಲೇ ಆಧಾರ.

ನಡೆಯುವಾಗ ಸಹಜವಾದ ಪಾದವು ನೆಲವನ್ನು ಒತ್ತಿ ದೇಹವನ್ನು ಮುಂದಕ್ಕೆ ನೂಕುವುದು. ಸಾಮಾನ್ಯ ಕೃತಕ ಪಾದಕ್ಕೆ ಆ ಶಕ್ತಿ ಸಾಲದು. ಆದಕಾರಣ ದೇಹದ ಭಾರವು ಇನ್ನೊಂದು ಕಾಲಿನ ಮೇಲೆ ರಭಸದಿಂದ ಬೀಳುವುದು. ಮೊಣಕಾಲಿನ ಒಳಮಗ್ಗುಲಿನ ಮೃದ್ವಸ್ಥಿಯು ಕ್ರಮೇಣ ಸವೆಯುವುದು. ಅಂಗಹೀನರಾದ ಅಮೆರಿಕದ ಮಾಜಿ ಸೈನಿಕರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯೂ, ಉಳಿದ ಕಾಲಿನ ಮೊಣಕಾಲು ನೋವು ಇತರರಿಗಿಂತ ಇಂಥವರಲ್ಲಿ ಹೆಚ್ಚೆಂದು ತೋರಿಸಿದೆ.

1968ರ ಸುಮಾರಿಗೆ ಡಾಕ್ಟರ್ ಪಿ. ಕೆ. ಸೇಠಿಯವರೂ ಕುಶಲಕರ್ಮಿ ರಾಮಚಂದ್ರ ಶರ್ಮರೂ ರೂಪಿಸಿದ ಜೈಪುರ ಪಾದವನ್ನು ತೊಟ್ಟು ಬರಿಗಾಲಲ್ಲಿ ನಡೆಯಬಹುದು, ಕುಕ್ಕುರುಗಾಲಿನಲ್ಲಿ ಕೂರಬಹುದು. ಇದು ನಮ್ಮ ಜನಕ್ಕೆ ದೊಡ್ಡ ಉಪಕಾರ. ಆದರೆ ಏಳುವಾಗ ಭಾರವನ್ನು ಹೆಚ್ಚಾಗಿ ಎತ್ತುವುದು ಉಳಿದ ಮೊಣಕಾಲೇ ಎಂಬುದನ್ನು ಮರೆಯಬಾರದು.

ಗೃಹಸ್ಥರು ಪಾಲಿಸತಕ್ಕ ನಿಯಮಗಳು ಹೀಗಿವೆ. ರಾತ್ರಿ ಬಚ್ಚಲಿಗೆ ಹೋಗಲೆಂದು ಒಂಟಿಕಾಲಲ್ಲಿ ಕುಪ್ಪಳಿಸಕೂಡದು. ಹಾಸಿಗೆಯ ಬಳಿ ಊರುಗೋಲು ಇರಲಿ. ಎಲೆ ಕಟ್ಟುವ ಕೆಲಸಕ್ಕೆ ಎತ್ತರದ ಮಣೆಯನ್ನೋ ಸ್ಟೂಲನ್ನೋ ಇಡಿರಿ. ಮೊದಲ ವರ್ಷದಲ್ಲಿ ಮೋಟು ಸಣ್ಣಗಾಗಿ ಕೃತಕ ಕಾಲು ಸಡಿಲವಾಗುವುದುಂಟು. ಆಗ ಕುಂಟುತ್ತ ದಿನ ನೂಕದೆ, ತಯಾರಕರಲ್ಲಿಗೆ ಹೋಗಿ ಅಳತೆಯನ್ನೂ ಉದ್ದವನ್ನೂ ಸರಿಪಡಿಸಿಕೊಳ್ಳಬೇಕು. ದಿನವೂ ಕುರ್ಚಿಯಲ್ಲಿ ಕುಳಿತು, ಉಳಿದ ಕಾಲನ್ನು ನೀಳವಾಗಿ ಚಾಚಿ ಐದು ಎಣಿಸುವಷ್ಟು ಹೊತ್ತು ಹಿಡಿದು ಇಳಿಸಿರಿ. ಹೀಗೆ ಹತ್ತು ಬಾರಿ. ತೊಡೆ ಬಲವಾದರೆ ಮೊಣಕಾಲಿಗೆ ನೆರವು. ಮೈತೂಕ ಏರದಂತೆ ಊಟ ಮಿತವಾಗಿರಲಿ. ನೋವಿದ್ದರೆ, ನೋವಿರುವ ಮೊಣಕಾಲಿಗೆ ಎದುರಾದ ಕೈಯಲ್ಲಿ ಕೋಲು ಹಿಡಿಯತಕ್ಕದ್ದು. ಮೊಣಕಾಲು ಊದಿ ಬಿಸಿಯಾದರೆ ಅಥವಾ ಮಡಚಿದ್ದು ಬಿಡಿಸಲಾಗದಿದ್ದರೆ ಎಣ್ಣೆ ತಿಕ್ಕುತ್ತ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು.

ಕಾಲು ಹೋದ ಕಾರಣವನ್ನೂ ನೋಡಬೇಕು. ಸಕ್ಕರೆ ಕಾಯಿಲೆಯಿಂದ ಹೋಗಿದ್ದರೆ, ಉಳಿದ ಪಾದದ ಅಡಿಯನ್ನು ಪ್ರತಿರಾತ್ರಿಯೂ ದೀಪದ ಬೆಳಕಿನಲ್ಲಿ ಪರೀಕ್ಷಿಸಿರಿ. 1908ರಲ್ಲಿ ನ್ಯೂಯಾರ್ಕಿನ ವೈದ್ಯ ಲಿಯೋ ಬರ್ಗರ್ ವಿವರಿಸಿದ, ತಂಬಾಕಿಗೆ ಅಂಟಿಕೊಂಡ ರಕ್ತನಾಳದ ಬೇನೆಯಿಂದ ಹೋಗಿದ್ದರೆ, ಬೀಡಿ ಸಿಗರೇಟುಗಳನ್ನು ಸಂಪೂರ್ಣವಾಗಿ ತ್ಯಜಿಸದ ಹೊರತು ಎರಡನೆಯ ಕಾಲಿಗೂ ಅಪಾಯ. ಹೊಗೆಸೊಪ್ಪು ಬೆಳೆಯುವ ಸೀಮೆಯಲ್ಲಿ ಈ ಮಾತು ಕಹಿಯಾದರೂ ಹೇಳದೆ ವಿಧಿಯಿಲ್ಲ.

ಮನೆಯ ಯಜಮಾನನು ಕೆಲಸಕ್ಕೆ ಮರಳಿದನೆಂದು ಸಂತೋಷಪಡುವ ಸಂಸಾರವು, ಇಬ್ಬರ ಕೆಲಸ ಮಾಡುತ್ತಿರುವ ಒಂದು ಮೊಣಕಾಲಿನ ಮೇಲೆ ಇನ್ನಷ್ಟು ಹೊರಿಸದಿರಲಿ. ಅದು ಉಳಿದರೆ ಅವನ ಸ್ವಾತಂತ್ರ್ಯ ಉಳಿದಂತೆ.