ಹಳೆಯ ಗಾಯಕ್ಕೂ ಮದ್ದುಂಟು



ಮನೆಯ ಮಾತು ಹೊಸಿಲು ದಾಟಬಾರದೆಂಬುದು ಹಿರಿಯರು ಕಲಿಸಿದ ಮರ್ಯಾದೆ. ಬಾಲ್ಯದಲ್ಲಿ ದೌರ್ಜನ್ಯಕ್ಕೊಳಗಾದವರ ಬಾಯಿಗೆ ಆ ಮರ್ಯಾದೆಯೇ ಬೀಗವಾಗಿಬಿಡುತ್ತದೆ. ವಯಸ್ಸು 40 ದಾಟಿದರೂ ನಿದ್ರೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಮಕ್ಕಳ ಮೇಲೆ ಸಿಡುಕುವುದು ಇವನ್ನೆಲ್ಲ ಸ್ವಭಾವದೋಷವೆಂದೇ ಬಗೆಯುತ್ತೇವೆ. ಅವು ಆರದ ಗಾಯದ ಕುರುಹೂ ಆಗಿರಬಹುದು. ನುರಿತ ಆಪ್ತಸಮಾಲೋಚಕರೆದುರು ಆ ನೆನಪನ್ನು ಸ್ವಲ್ಪಸ್ವಲ್ಪವಾಗಿ ಬಿಚ್ಚಿಟ್ಟಾಗ, ಅದು ಅಳಿಯದಿದ್ದರೂ ಅದರ ಹಿಡಿತ ಸಡಿಲಬಲ್ಲದು.

ನ್ಯೂಜಿಲೆಂಡಿನಲ್ಲಿ ನಡೆದ ಲೈಂಗಿಕ ದೌರ್ಜನ್ಯ ಎಷ್ಟೇ ಹಳೆಯದಾದರೂ ಚಿಕಿತ್ಸೆಗೆ ಎಸಿಸಿ ನೆರವು ನೀಡುತ್ತದೆ. ಪೊಲೀಸರಿಗೆ ದೂರು ಕೊಟ್ಟಿರಬೇಕೆಂದಿಲ್ಲ. ಊರಿನಿಂದಲೇ ಹೊತ್ತು ತಂದ ನೋವಾದರೆ ಕುಟುಂಬ ವೈದ್ಯರಲ್ಲಿ ಹೇಳಿಕೊಳ್ಳಬಹುದು. 1737ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಸಂದೇಶವನ್ನೂ ಕಳುಹಿಸಬಹುದು. ಈ ಒಂದು ಮಾತು ಹೊಸಿಲು ದಾಟಲಿ. ಅದರಿಂದ ಮನೆಯ ಮಾನ ಹೋಗದು.